ಕಿರುಬೆರಳ ದಪ್ಪದ ಹೆಸರು

ನನಗೊಂದು ಕೆಟ್ಟ ಚಾಳಿ ಅಂಟಿಕೊಂಡಿದೆ. ಬ್ಯಾಂಕಿಗೆ ಹೋಗಲಿ, ಮದುವೆಗೆ ಹೋಗಲಿ, ಆಸ್ಪತ್ರೆಗೇ ಹೋಗಲಿ, ಅಲ್ಲಿ ಪಾರದರ್ಶಕವಾದದ್ದೇನಾದರೂ ಕಂಡರೆ ಎಲ್ಲರೂ ಅದರ ಮೂಲಕ ಆಚೆಗೆ ನೋಡುತ್ತಾರೆ, ನಾನು ಮಾತ್ರ ಪಕ್ಕಕ್ಕೆ ಬಾಗಿ ಅದರ ಅಂಚು ನೋಡುತ್ತೇನೆ. ಬೆರಳಿನಿಂದ ಸವರುತ್ತೇನೆ, ಉಗುರಿನಿಂದ ತಟ್ಟುತ್ತೇನೆ, ದಪ್ಪ ಎಷ್ಟಿರಬಹುದೆಂದು ಅಂದಾಜು ಮಾಡುತ್ತೇನೆ. ಮೊನ್ನೆ ಬ್ಯಾಂಕಿನಲ್ಲಿ ಕ್ಯಾಷಿಯರಿನ ಮುಂದಿನ ತಡೆಹಾಳೆಯನ್ನು ಹೀಗೆ ತಟ್ಟಿ ನೋಡುತ್ತಿದ್ದಾಗ ಕಾವಲಿನವನು ಎದ್ದು ಬಂದು ಪಕ್ಕದಲ್ಲೇ ನಿಂತ. ನೆರೆತ ಕೂದಲಿನ, ಹತ್ತಿಸೀರೆ ಉಟ್ಟ ಹೆಂಗಸು ಬ್ಯಾಂಕು ಕೊಳ್ಳೆ ಹೊಡೆಯುವಳೆಂದು ಅವನಿಗೆ ಅನ್ನಿಸಿತಲ್ಲ ಎಂದು ಮನಸ್ಸಿನೊಳಗೇ ಸ್ವಲ್ಪ ಹೆಮ್ಮೆಪಟ್ಟೆ.

ಇಷ್ಟಕ್ಕೆಲ್ಲ ಕಾರಣ ನಮ್ಮ ಹಿಂದಿನ ಕೋಣೆಯಲ್ಲಿ ಕೂತಿರುವ, ಹಾಳೆ ಕೊಯ್ಯುವ ಲೇಸರ್ ಯಂತ್ರ. ನಾನು ದೆಹಲಿಯ ಶಾಲೆಯೊಂದರಲ್ಲಿ ರಸಾಯನಶಾಸ್ತ್ರದ ಟೀಚರು. ಊರು ಚಿತ್ರದುರ್ಗ, ಮನೆ ನೋಯ್ಡಾ. ಸೋದರತ್ತೆಯ ಮೊಮ್ಮಗನ ಮುಂಜಿಯ ಕರೆಯೋಲೆ ಅಚ್ಚು ಹಾಕಿಸಲೆಂದು ಓಖ್ಲಾಕ್ಕೆ ಹೋಗಿದ್ದೆ. ಅಲ್ಲಿನ ಪ್ರಿಂಟಿಂಗ್ ಘಟಕದವರು ಜಾಗ ಖಾಲಿ ಮಾಡುತ್ತಿದ್ದರು, ಮೂಲೆಯಲ್ಲಿದ್ದ ಹಳೆಯ ಯಂತ್ರವನ್ನು ಯಾರಾದರೂ ಒಯ್ದರೆ ಸಾಕೆನ್ನುತ್ತಿದ್ದರು. ಒಮ್ಮೆ ಹಾಕಿ ತೋರಿಸಿ ಎಂದೆ. ತೋರಿಸಿದರು. ಸಂಜೆ ಟೆಂಪೋದಲ್ಲಿ ಯಂತ್ರದ ಜೊತೆ ಮನೆಗೆ ಬಂದೆ. ನಮ್ಮ ಯಜಮಾನರು ಗೇಟಿನಲ್ಲಿ ನಿಂತು ಟೆಂಪೋವನ್ನೂ ನನ್ನನ್ನೂ ಸಾವಕಾಶವಾಗಿ ನೋಡಿ, ಕರೆಯೋಲೆ ಎಲ್ಲಿ ಎಂದಷ್ಟೇ ಕೇಳಿದರು.

ನನ್ನನ್ನು ಮರುಳು ಮಾಡಿದ್ದು ಆ ಯಂತ್ರದ ಬೆಳಕು. ಅದು ಕಣ್ಣಿಗೆ ಕಾಣುವುದೇ ಇಲ್ಲ. ಮಾರುದ್ದದ ಗಾಜಿನ ಕೊಳವೆಯಲ್ಲಿ ಹುಟ್ಟಿ, ಮೂರು ಕನ್ನಡಿಗಳಿಗೆ ಬಡಿದು ತಿರುಗಿ, ಕೊನೆಗೆ ಬಟಾಣಿಯಷ್ಟು ಕಿಂಡಿಯಿರುವ ಒಂದು ಮೂತಿಯೊಳಗಿನ ಲೆನ್ಸಿನ ಮೂಲಕ ಕೆಳಕ್ಕಿಳಿಯುತ್ತದೆ. ಕಾಣುವುದು ಅದು ಮುಟ್ಟಿದ ಜಾಗದ ಕಿಡಿ ಮಾತ್ರ. ಇನ್ನೂ ಸೋಜಿಗವೆಂದರೆ, ನಮ್ಮ ಮಾಮೂಲಿ ಬೆಳಕು ಅಕ್ರಿಲಿಕ್ ಎಂಬ ಗಾಜಿನಂಥ ಪ್ಲಾಸ್ಟಿಕ್ಕಿನ ಹಾಳೆಯೊಳಗೆ ಹೊಕ್ಕು ಏನೂ ಆಗದವರ ಹಾಗೆ ಆಚೆ ಹೊರಟುಹೋಗುತ್ತದೆ. ಈ ಕಾಣದ ಬೆಳಕಿಗೆ ಅದೇ ಹಾಳೆ ಗಟ್ಟಿ ಗೋಡೆ. ಅಲ್ಲೇ ತಡೆದು, ಅಲ್ಲೇ ಸುಟ್ಟು, ಅಲ್ಲೇ ದಾರಿ ಮಾಡಿಕೊಳ್ಳಬೇಕು. ನಮ್ಮ ಯಜಮಾನರದೂ ಇದೇ ಗುಣ. ನಾನಂದದ್ದೆಲ್ಲ ಅವರ ಮೂಲಕ ಹಾದು ಆಚೆಯ ಗೋಡೆಗೆ ಬೀಳುತ್ತದೆ, ಅವರಕ್ಕ ಫೋನಿನಲ್ಲಿ ಒಂದು ಮಾತಂದರೆ ಅಲ್ಲೇ ನಾಟುತ್ತದೆ. ಒಂದೇ ವಸ್ತು ಒಬ್ಬರಿಗೆ ಕಿಟಕಿ, ಇನ್ನೊಬ್ಬರಿಗೆ ಗೋಡೆ ಹೇಗಾಗುತ್ತದೆಂದು ಯೋಚಿಸುತ್ತ ನಾನು ಎಷ್ಟೋ ಸಲ ಕುಕ್ಕರಿನ ಸೀಟಿ ಎಣಿಸುವುದನ್ನು ಮರೆತಿದ್ದೇನೆ.

ಆದರೆ ಯಂತ್ರದ ದೇಹಪ್ರಕೃತಿ ಬಲು ಸೂಕ್ಷ್ಮ. ಆರತಿ ತಗೊಂಡರೆ ಉಷ್ಣ, ತೀರ್ಥ ತಗೊಂಡರೆ ಶೀತ ಅನ್ನುತ್ತಾರಲ್ಲ, ಆ ಜಾತಿ. ಕೊಳವೆಯ ಸುತ್ತ ತಣ್ಣೀರು ಹರಿಯುತ್ತಲೇ ಇರಬೇಕು. ಜೂನ್ ತಿಂಗಳಲ್ಲಿ ನಮ್ಮ ಟ್ಯಾಂಕಿನ ನೀರು ಟೀ ಮಾಡುವ ಹದಕ್ಕೆ ಬರುವುದರಿಂದ, ಬಾಟಲಿಗಳಲ್ಲಿ ನೀರು ಹೆಪ್ಪುಗಟ್ಟಿಸಿ ಬಕೆಟ್ಟಿಗೆ ಬಿಡುತ್ತೇನೆ. ನಮ್ಮ ಫ್ರೀಜರಿನಿಂದ ಬಟಾಣಿಕಾಳು ವನವಾಸಕ್ಕೆ ಹೋಗಿದ್ದು ಹಾಗೆ. ಧೂಳು ಆಗದು, ಕರೆಂಟಿನ ಏರಿಳಿತ ಆಗದು. ಅಕ್ರಿಲಿಕ್ ಕೊಯ್ಯುವಾಗ ಏಳುವ ವಾಸನೆಯಂತೂ ಉಗುರಿನ ಬಣ್ಣಕ್ಕೆ ಬೆಲ್ಲ ಬೆರೆಸಿ ಕಾಯಿಸಿದ ಹಾಗೆ. ಅದನ್ನು ಫ್ಯಾನು ಮತ್ತು ಕೊಳವೆಯಿಂದ ಹಿತ್ತಲ ಕಡೆ ಹೊರಕ್ಕೆ ಬಿಟ್ಟಿದ್ದೇನೆ. ನವೆಂಬರಿನಲ್ಲಿ ಇಡೀ ಶಹರವೇ ಹೊಗೆಯಲ್ಲಿ ಮುಳುಗಿ ಎದುರಿನ ಬ್ಲಾಕೇ ಕಾಣದಿದ್ದಾಗ, ನಮ್ಮ ಸೊಸೈಟಿಯ ಕಾರ್ಯದರ್ಶಿ ಭಾಟಿಯಾ ಸಾಹೇಬರು ವಾಟ್ಸ್ಯಾಪ್ ಗುಂಪಿನಲ್ಲಿ ನನ್ನ ಆ ಕೊಳವೆಯ ಫೋಟೋ ಹಾಕಿದರು. ನೆಲಮಹಡಿಯ ಒಬ್ಬ ಟೀಚರಮ್ಮ ರಾಷ್ಟ್ರ ರಾಜಧಾನಿಗೆ ಇಷ್ಟು ಮಾಡಬಲ್ಲಳೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಶುರುವಿನಲ್ಲಿ ನಾನು ಮಾಡಿದ್ದೆಲ್ಲ ತೆಳು ಹಾಳೆಯ ಕೆಲಸ. ಚಾಣಕ್ಯಪುರಿಯಲ್ಲಿರುವ ನಮ್ಮ ರಾಜ್ಯದ ಅತಿಥಿಗೃಹದಲ್ಲಿ ಕನ್ನಡದವರು ಸೇರಿ ಯಾರಿಗಾದರೂ ಸನ್ಮಾನ ಮಾಡುವಾಗ ಶಾಲು, ಹಣ್ಣಿನ ಬುಟ್ಟಿಯ ಜೊತೆ ಕೊಡುವ ಸ್ಮರಣಿಕೆಗಳು. ದೆಹಲಿ ಕನ್ನಡಿಗರಲ್ಲಿ ಸನ್ಮಾನವಾಗದವರು ಕಡಿಮೆ, ಹಾಗಾಗಿ ನನಗೆ ಕೆಲಸಕ್ಕೆ ಬರಗಾಲವಿರಲಿಲ್ಲ. ದಪ್ಪ ಅಕ್ರಿಲಿಕ್ಕಿನ ದಾರಿಗೆ ನನ್ನನ್ನು ಎಳೆದವರು ನಮ್ಮೆದುರು ಬಾಗಿಲಿನ ಬೊಳ್ಳಮ್ಮ ಆಂಟಿ.

ಅವರು ಕೊಡಗಿನವರು. ಗಂಡ ಕರ್ನಲ್ ಪೂವಯ್ಯನವರು ಹೋಗಿ ವರ್ಷ ಕಳೆದಿತ್ತು. ಮಗ ಮಂದಣ್ಣನೂ ಸೈನ್ಯದಲ್ಲೇ, ಈಶಾನ್ಯದ ಗಡಿಯಲ್ಲೆಲ್ಲೋ ಇದ್ದಾನೆ. ಆಂಟಿ ಒಂದು ಮಧ್ಯಾಹ್ನ ಬಂದು, ನಾನು ಮಾಡಿಟ್ಟ ಸ್ಮರಣಿಕೆಯೊಂದನ್ನು ಕೈಗೆತ್ತಿಕೊಂಡು, ಬಗ್ಗಿಸಿ ನೋಡಿ, ಇದು ಪರೀಕ್ಷೆಗೆ ಒಯ್ಯುವ ರಟ್ಟಿನ ಹಾಗಿದೆ ಎಂದು ಕೆಳಗಿಟ್ಟರು. ಆಮೇಲೆ ವಿಷಯಕ್ಕೆ ಬಂದರು. ಬಾಗಿಲಿಗೆ ಹೆಸರಿನ ಫಲಕ ಬೇಕು. ತಮ್ಮದೇ ಹೆಸರು.

ಅವರ ಬಾಗಿಲಲ್ಲಿ ಕರ್ನಲ್ಲರ ಹೆಸರು ಕೊರೆದ ಹಿತ್ತಾಳೆಯ ಫಲಕವಿತ್ತು. ಪಠಾಣಕೋಟ, ಜಬಲ್ಪುರ, ಮತ್ತೆಲ್ಲೆಲ್ಲೋ ಊರೂರಿನ ಕ್ವಾರ್ಟರ್ಸುಗಳ ಬಾಗಿಲಿಗೆ ತೂಗಿ, ವರ್ಗವಾದಾಗಲೆಲ್ಲ ಟ್ರಂಕಿನಲ್ಲಿ ಮೇಲುಗಡೆ ಕೂತು ಬಂದದ್ದು. ಆಂಟಿ ಹೋದಲ್ಲೆಲ್ಲ ಮಿಸೆಸ್ ಪೂವಯ್ಯ. ಅವರ ಹೆಸರನ್ನು ಪೂರ್ತಿಯಾಗಿ ಕರೆದವರು ತವರಿನವರು ಮತ್ತು ಪಿಂಚಣಿ ಆಫೀಸಿನವರು, ಅಷ್ಟೇ. ಈಗ ಮಾರ್ಕೆಟ್ಟಿನ ಅಂಗಡಿಗೆ ಹೋಗಿ ಫಲಕ ಬೇಕೆಂದರೆ ಅಂಗಡಿಯವನು ಪೆನ್ನು ಹಿಡಿದು ಸಾಹೇಬರ ಹೆಸರೇನು, ರ್‍ಯಾಂಕು ಯಾವುದು ಎಂದು ಕೇಳಿದನಂತೆ. ನನ್ನ ಹೆಸರು ಮಾತ್ರ ಎಂದರೆ, ಮೇಡಂಜೀ, ಬಾಗಿಲಲ್ಲಿ ಗಂಡಸಿನ ಹೆಸರೂ ಇದ್ದರೆ ಸುರಕ್ಷಿತ ಎಂದು ಬುದ್ಧಿ ಹೇಳಿದನಂತೆ. ಆಂಟಿ ಅಲ್ಲಿಂದ ಸೀದಾ ನನ್ನಲ್ಲಿಗೆ ಬಂದಿದ್ದರು.

ಮಗನಿಗೆ ಫೋನಿನಲ್ಲಿ ಹೇಳಿದ್ದರು. ಅವನು, ಪಪ್ಪನ ಹೆಸರು ಅಲ್ಲೇ ಇರಲಿ ಅಮ್ಮ ಎಂದಿದ್ದ. ಅವನ ಮಾತಲ್ಲಿ ತಪ್ಪೇನೂ ಇರಲಿಲ್ಲ, ಆಂಟಿಗೆ ಕಷ್ಟವಾಗಿದ್ದೂ ಅದಕ್ಕೇ.

"ದೀಪಾವಳಿಗೆ ಬರ್ತಾನೆ. ಅವನು ಬರೋಕೆ ಮುಂಚೆ ಬಾಗಿಲಲ್ಲಿ ನನ್ನ ಹೆಸರಿರಬೇಕು," ಅಂದರು. "ಎದುರಿಗೆ ನಿಂತು ಬೇಡಮ್ಮ ಅಂದ್ರೆ ನಂಗೆ ಇಲ್ಲ ಅನ್ನೋಕೆ ಬರಲ್ಲ. ಅದು ಅಭ್ಯಾಸವೇ ಇಲ್ಲ ನೋಡು. ಒಂದ್ಸಲ ಹಾಕಿಬಿಟ್ರೆ, ಆಮೇಲೆ ತೆಗಿ ಅಂತ ಹೇಳೋಕೆ ಅವನಿಗೂ ಬರಲ್ಲ."

ಅಡ್ಡಾದಿಡ್ಡಿ ತರ್ಕವಾದರೂ ನನಗೆ ಪೂರ್ತಿ ಅರ್ಥವಾಯಿತು. ದಪ್ಪ ಎಷ್ಟು ಎಂದೆ. ಆಂಟಿ ಕಿರುಬೆರಳನ್ನು ಮುಂದೆ ಚಾಚಿದರು. ಅಳೆದೆ, ಹನ್ನೆರಡು ಮಿಲಿಮೀಟರು. ಅಷ್ಟು ದಪ್ಪದ್ದನ್ನು ನಾನು ಆವರೆಗೆ ಕೊಯ್ದಿರಲಿಲ್ಲ. ಆಗುತ್ತದೆ ಆಂಟಿ, ಚಿಂತೆ ಬಿಡಿ ಎಂದೆ. ನನ್ನ ಬಾಯಿ ಯಾವಾಗಲೂ ನನ್ನ ಯಂತ್ರಕ್ಕಿಂತ ಹೆಚ್ಚು ಪವರಿನದು.

ಓಖ್ಲಾದ ಅಕ್ರಿಲಿಕ್ ಅಂಗಡಿಯಲ್ಲಿ ಭಯ್ಯಾ ಎರಡು ತುಂಡು ಒಳ್ಳೆಯ ಹಾಳೆ ಕೊಟ್ಟ. ಕಾಯಿಸಿದ ತಾಮ್ರದ ತಂತಿಗೆ ಚೂರು ಪುಡಿ ಅಂಟಿಸಿ ಲೈಟರಿಗೆ ಹಿಡಿದು ಜ್ವಾಲೆಯ ಬಣ್ಣ ನೋಡಿದೆ. ಹಸಿರು ಬಂದರೆ ಅದು ಅಕ್ರಿಲಿಕ್ಕಲ್ಲ, ಕೊಯ್ದರೆ ವಿಷಗಾಳಿ ಬಿಡುವ ಬೇರೆ ಪ್ಲಾಸ್ಟಿಕ್ಕು. ಹಸಿರು ಬರಲಿಲ್ಲ. ನನ್ನ ಈ ಅಗ್ನಿಪರೀಕ್ಷೆಯನ್ನು ಭಯ್ಯಾ ಪ್ರತಿ ಸಲವೂ ಬಹಳ ತಾಳ್ಮೆಯಿಂದ ನೋಡುತ್ತಾನೆ. ಮನೆಗೆ ಬಂದು ಅಂಚಿನ ಚೂರೊಂದನ್ನು ಯಂತ್ರಕ್ಕೆ ಕೊಟ್ಟೆ. ಮೂತಿ ಆಮೆಯ ಹಾಗೆ ಸರಿಯಿತು, ಬೆಳಕು ತಳದವರೆಗೂ ಇಳಿಯಿತು, ಚೂರು ಟಪ್ಪೆಂದು ಕೆಳಗೆ ಬಿತ್ತು. ಕೊಯ್ದ ಅಂಚು ನೀರು ನಿಂತ ಹಾಗೆ ಹೊಳೆಯುತ್ತಿತ್ತು. ಆ ಟಪ್ ಅನ್ನುವ ಸದ್ದು ನನಗೆ ಎಷ್ಟು ಇಷ್ಟವೆಂದರೆ, ಅದಕ್ಕಾಗಿಯೇ ಸುಮ್ಮಸುಮ್ಮನೆ ನಾಲ್ಕಾರು ಚೂರು ಕೊಯ್ದೆ.

ಅಷ್ಟರಲ್ಲಿ ನವರಾತ್ರಿ ಬಂತು. ಉತ್ತರದವರು ಇಲ್ಲಿ ಉಪವಾಸ ಮಾಡಿ ರಾವಣನನ್ನು ಸುಡುತ್ತಾರೆ, ನಾವು ಆಯುಧಪೂಜೆಯ ದಿನ ಕಾರು, ಮಿಕ್ಸಿ, ಇಳಿಗೆಮಣೆ ಎಲ್ಲಕ್ಕೂ ಕುಂಕುಮ ಇಡುತ್ತೇವೆ. ಮನೆಯಲ್ಲಿ ಇಷ್ಟು ದೊಡ್ಡ ಆಯುಧವಿರುವಾಗ ಬಿಡಲಾದೀತೇ? ಹಿಂದಿನ ದಿನವೇ ಕನ್ನಡಿ, ಲೆನ್ಸು ಎಲ್ಲ ಒರೆಸಿ ಲಕಲಕ ಮಾಡಿದೆ. ಪೂಜೆಯ ದಿನ ಯಂತ್ರಕ್ಕೆ ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಮುಚ್ಚಳ ತೆರೆದು ಒಳಗೂ ಅಕ್ಷತೆ ಹಾಕಿದೆ. ಗಾಳಿಗೆ ಆರದಿರಲೆಂದು ಫ್ಯಾನು ನಿಲ್ಲಿಸಿ ಕರ್ಪೂರ ಹಚ್ಚಿದೆ. ಯಂತ್ರದ ದೇವರು ಎಲ್ಲಿರುತ್ತಾನೆ? ಬೆಳಕು ಹೊರಡುವ ಮೂತಿಯಲ್ಲಿ ತಾನೆ? ಆದ್ದರಿಂದ ಆರತಿ ತಟ್ಟೆಯನ್ನು ಸರಿಯಾಗಿ ಆ ಮೂತಿಯ ಕೆಳಗೇ ಇಟ್ಟು, ಇನ್ನೆರಡು ಬಿಲ್ಲೆ ಹೆಚ್ಚಿಗೆ ಹಾಕಿ, ಕೈಮುಗಿದು ನಿಂತೆ. ಬೊಳ್ಳಮ್ಮ ಆಂಟಿಯ ಕೆಲಸ ಸುಸೂತ್ರವಾಗಲಪ್ಪಾ ಎಂದು ಬೇಡಿಕೊಂಡೆ. ಯಜಮಾನರು ಬಾಗಿಲಲ್ಲೇ ನಿಂತು ಗಂಟೆ ಬಾರಿಸಿದರು.

ವಿಜಯದಶಮಿಯ ಶುಭ ಮುಹೂರ್ತದಲ್ಲಿ ಕೆಲಸ ಶುರುಮಾಡಿದೆ. ದಪ್ಪ ಹಾಳೆಯ ಮೇಲೆ ಹೆಸರು ಕೊರೆಯುವುದರಲ್ಲಿ ಒಂದು ಚಂದವಿದೆ. ಹೆಸರನ್ನು ತಿರುಗುಮುರುಗಾಗಿ ಹಿಂಬದಿಗೆ ಕೊರೆಯಬೇಕು. ಮುಂದಿನಿಂದ ಮುಟ್ಟಿದರೆ ನುಣ್ಣಗೆ, ಏನೂ ಇಲ್ಲ. ನೋಡಿದರೆ ಅಕ್ಷರ ಕಿರುಬೆರಳಷ್ಟು ಆಳದಲ್ಲಿ ತೇಲುತ್ತಿರುತ್ತದೆ. ಮೇಲೆ ಕನ್ನಡದಲ್ಲಿ ಬೊಳ್ಳಮ್ಮ, ಕೆಳಗೆ ಕೊರಿಯರಿನವರಿಗಾಗಿ ಇಂಗ್ಲಿಷಿನಲ್ಲಿ. ಕೊರೆದದ್ದು ಸ್ವಲ್ಪ ಮಂಕಾಗಿದ್ದರೂ ಚೆನ್ನಾಗಿಯೇ ಬಂತು. ಆಮೇಲೆ ಸುತ್ತಲಿನ ಅಂಚು ಕೊಯ್ಯಲು ಹಚ್ಚಿ ಟಪ್ ಸದ್ದಿಗಾಗಿ ಕಾದೆ. ಯಂತ್ರ ಸುತ್ತು ಮುಗಿಸಿ ನಿಂತಿತು, ಸದ್ದೇ ಇಲ್ಲ. ಎತ್ತಿ ನೋಡಿದರೆ ಬೆಳಕು ಅರ್ಧ ದಪ್ಪಕ್ಕೇ ಸುಸ್ತಾಗಿ ನಿಂತಿದೆ. ಹೆಸರೇನೋ ಬಂದಿತ್ತು, ಹಾಳೆಯಿಂದ ಬಿಡಿಸಿಕೊಳ್ಳಲು ಆಗಿರಲಿಲ್ಲ.

ಇನ್ನೊಂದು ಸುತ್ತು ಓಡಿಸಿದೆ. ಅಂಚು ಕರಗಿ, ಕಪ್ಪಿಟ್ಟು, ಸೀದ ಒಗ್ಗರಣೆಯ ಹಾಗಾಯಿತು. ಮತ್ತೊಂದು ಸುತ್ತಿಗೆ ಹೇಗೋ ಬಿಡಿಸಿಕೊಂಡಿತು. ನಮ್ಮ ಯಜಮಾನರಿಗೆ ಕರುಣೆ ಬಂತು. ನಾನು ಮಜ್ಜಿಗೆ ಕುಡಿದು ಬರುವಷ್ಟರಲ್ಲಿ ಆ ಮಸಿಯನ್ನೆಲ್ಲ ಕೊರೊನಾ ಕಾಲದಿಂದ ಉಳಿದಿದ್ದ ಸ್ಯಾನಿಟೈಸರಿನಿಂದ ಒರೆಸಿಟ್ಟಿದ್ದರು. ಲೇಸರಿನ ಬಿಸಿ ತಿಂದ ಅಕ್ರಿಲಿಕ್ಕಿಗೆ ಸ್ಪಿರಿಟ್ಟು ತಾಗಿಸಬಾರದು, ಒಳಗೊಳಗೇ ಬಿಗಿದುಕೊಂಡಿದ್ದು ಬಾಯಿ ಬಿಡುತ್ತದೆ. ನೋಡನೋಡುತ್ತಿದ್ದಂತೆ ಅಂಚಿನಿಂದ ಹೆಸರಿನವರೆಗೂ ಕೂದಲೆಳೆಯಂಥ ಬಿರುಕುಗಳು ಓಡಿದವು. ನಾನು ಅವರಿಗೆ ಏನಂದೆನೆಂಬುದು ಇಲ್ಲಿ ಬೇಡ. ಅವತ್ತು ಮಾತ್ರ ನನ್ನ ಮಾತು ಅವರ ಮೂಲಕ ಹಾದುಹೋಗಲಿಲ್ಲ.

ಇನ್ನು ಉಳಿದದ್ದು ಒಂದೇ ತುಂಡು. ಆಂಟಿ ದಿನಾ ಬೆಳಿಗ್ಗೆ ಹಾಲಿನ ಪ್ಯಾಕೆಟ್ಟು ತೆಗೆದುಕೊಳ್ಳಲು ಬಾಗಿಲು ತೆರೆದಾಗ ನನ್ನ ಕಡೆ ನೋಡುತ್ತಿದ್ದರು, ಕೇಳುತ್ತಿರಲಿಲ್ಲ. ಅವರು ಕೇಳದೇ ಇದ್ದದ್ದೇ ನನಗೆ ಸಂಕಟ. ಕುಣಿಯಲಾರದವಳಿಗೆ ನೆಲ ಡೊಂಕು ಅನ್ನುವಂತೆ ನಾನು ಒಂದೊಂದನ್ನೇ ಬೈಯತೊಡಗಿದೆ. ನೀರು ಬಿಸಿಯಾಗಿರಬೇಕೆಂದು ಐಸು ಸುರಿದೆ. ವೋಲ್ಟೇಜು ಕಡಿಮೆಯಿರಬೇಕೆಂದು ಸ್ಟೆಬಿಲೈಸರು ಹಾಕಿಸಿದೆ. ಕೊಳವೆಗೇ ವಯಸ್ಸಾಯಿತೆಂದು ಒಂದು ದಿನ ದುಃಖಪಟ್ಟೆ. ಕೊನೆಗೆ ಹಾಳೆಯಲ್ಲೇ ಮೋಸವೆಂದು ತೀರ್ಮಾನಿಸಿ, ಒಂದು ಚೂರು ಹಿಡಿದುಕೊಂಡು ಓಖ್ಲಾಕ್ಕೆ ಜಗಳಕ್ಕೆ ಹೋದೆ. ಭಯ್ಯಾ ಅದನ್ನು ಪಕ್ಕದ ಅಂಗಡಿಯ ಯಂತ್ರಕ್ಕೆ ಕೊಟ್ಟ. ಟಪ್ ಎಂದು ಬಿತ್ತು. ಆ ಯಂತ್ರದಲ್ಲೇ ಫಲಕ ಮಾಡಿಸಿಕೊಂಡು ಬರಬಹುದಿತ್ತು ಎನ್ನುತ್ತೀರಿ. ಯಜಮಾನರೂ ಹಾಗೇ ಅಂದರು. ಆದರೆ ಅಷ್ಟು ಹೊತ್ತಿಗೆ ನನಗೆ ಫಲಕದಷ್ಟೇ ಆ ಪ್ರಶ್ನೆಯೂ ಬೇಕಾಗಿತ್ತು. ಹಬ್ಬಕ್ಕೆ ಮೊದಲು ಬೆಣ್ಣೆ ಕೊಯ್ದಂತೆ ಕೊಯ್ದ ಬೆಳಕು ಹಬ್ಬ ಆದಮೇಲೆ ಎಲ್ಲಿಗೆ ಹೋಯಿತು?

ದೀಪಾವಳಿ ಹತ್ತಿರವಾಗುತ್ತಿದ್ದ ಒಂದು ಭಾನುವಾರ ಆಂಟಿ ಕಾಫಿ ಮಾಡಿಕೊಂಡು ತಾವೇ ಬಂದರು. ಸ್ಟೂಲಿನ ಮೇಲೆ ಕೂತು ಯಂತ್ರವನ್ನು ಮೇಲಿಂದ ಕೆಳಗೆ ನೋಡಿದರು. ವಿಭೂತಿ ಇನ್ನೂ ಇತ್ತು, ಒಣಗಿದ ಹಾರ ಪಕ್ಕದ ಮೊಳೆಯಲ್ಲಿತ್ತು. ನಮ್ಮ ಮನೆಯಲ್ಲೂ ಆಯುಧಕ್ಕೆ ಪೂಜೆ ಮಾಡ್ತಿದ್ವಿ ಎಂದು ಶುರುಮಾಡಿದರು. ಕೊಡಗಿನಲ್ಲಿ ಅದು ಕೈಲ್‌ಪೊಳ್ದ್ ಹಬ್ಬ. ಕೋವಿ ಕತ್ತಿಗಳನ್ನೆಲ್ಲ ದೇವರ ಕೋಣೆಯಲ್ಲಿಟ್ಟು, ಗಂಧ ಹಚ್ಚಿ, ಕೋವಿಯ ನಳಿಗೆಯ ಬಾಯಿಗೆ ತೋಕ್‌ಪೂ ಎಂಬ ಕೆಂಪು ಹಳದಿ ಬಣ್ಣದ ಕಾಡುಹೂವು ಸಿಕ್ಕಿಸುತ್ತಾರೆ. ಪೂಜೆ, ಊಟ ಎಲ್ಲ ಆದಮೇಲೆ ಮರಕ್ಕೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಪಂದ್ಯ.

"ನಮ್ಮ ಮಾವ ಬಹಳ ದೈವಭಕ್ತರು," ಅಂದರು ಆಂಟಿ, ಕಾಫಿ ಊದುತ್ತ. "ಆದ್ರೆ ಗುರಿ ಇಡೋಕೆ ಮುಂಚೆ ಮೊದಲು ನಳಿಗೆಯ ಹೂ ತೆಗೀತಿದ್ರು. ತೆಗೆದು ಕಣ್ಣಿಗೊತ್ತಿ ಜೇಬಲ್ಲಿ ಇಟ್ಕೊಳ್ತಿದ್ರು. ಹೂ ಇಟ್ಟೇ ಗುಂಡು ಹೊಡೆದ್ರೆ ಭಕ್ತಿ ಜಾಸ್ತಿ ಆಗುತ್ತಾ? ಕೋವಿ ಕೆಡುತ್ತೆ, ಅಷ್ಟೇ."

ನಾನು ಹಾರ ತೆಗೆದಿದ್ದೇನಲ್ಲ ಆಂಟಿ ಎಂದೆ. ಹೇಳುತ್ತಿದ್ದಂತೆ ನನ್ನ ಕಣ್ಣು ಮೂತಿಯ ಕಡೆ ಹೋಯಿತು. ನನ್ನ ಕೋವಿಯ ನಳಿಗೆ ಯಾವುದು? ಅದರ ಬಾಯಿಗೆ ನಾನು ಇಟ್ಟಿದ್ದೇನು? ಸ್ಕ್ರೂ ಬಿಚ್ಚಿ ಲೆನ್ಸನ್ನು ಅಂಗೈ ಮೇಲೆ ಬೀಳಿಸಿಕೊಂಡೆ. ಮೇಲುಬದಿ ಫಳಫಳ. ಕೆಳಬದಿಗೆ ಮಸಿ, ಅದರ ಸುತ್ತ ಬೂದುಬಣ್ಣದ ತೆಳ್ಳನೆಯ ಪೊರೆ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದನ್ನು ಆವತ್ತು ಕಣ್ಣಾರೆ ಕಂಡೆ. ಇಡೀ ಯಂತ್ರದಲ್ಲಿ ನಾನು ಅನುಮಾನಿಸದೇ ಉಳಿದದ್ದು ಅದೊಂದೇ. ಪೂಜೆಯ ಹಿಂದಿನ ದಿನ ಒರೆಸಿದ್ದೆನಲ್ಲ, ಆಮೇಲೆ ಪೂಜೆ ಬೇರೆ ಆಗಿದೆಯಲ್ಲ, ಇನ್ನೇನು ನೋಡುವುದು?

ಈಗ ಕೇಳಿ ತಮಾಷೆ. ಘನವಸ್ತು ದ್ರವವಾಗದೆ ನೇರವಾಗಿ ಆವಿಯಾಗಿ, ತಣ್ಣನೆಯ ಮೇಲ್ಮೈ ಸಿಕ್ಕಿದಲ್ಲಿ ಮತ್ತೆ ಹೋಗಿ ಕೂರುವುದಕ್ಕೆ ಉತ್ಪತನ ಎನ್ನುತ್ತಾರೆ. ಇದನ್ನು ನಾನು ಪ್ರತಿ ವರ್ಷ ಒಂಬತ್ತನೇ ತರಗತಿಗೆ ತಪ್ಪದೆ ಪಾಠ ಮಾಡುತ್ತೇನೆ. ಬಟ್ಟಲಲ್ಲಿ ಇಟ್ಟು ಕಾಯಿಸಿ, ಮೇಲೆ ಆಲಿಕೆ ಬೋರಲು ಹಾಕಿ, ಒಳಗೋಡೆಗೆ ಬಿಳಿಯ ಪುಡಿ ಅಂಟಿದ್ದನ್ನು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೋರಿಸುತ್ತೇನೆ. ಆ ಪ್ರಯೋಗಕ್ಕೆ ನಾನು ಬಳಸುವ ವಸ್ತು ಕರ್ಪೂರ. ಸ್ಕೂಲಿನಲ್ಲಿ ಅದು ರಸಾಯನ, ಮನೆಯಲ್ಲಿ ಮಂಗಳಾರತಿ. ಮಧ್ಯೆ ಯಮುನೆಯ ಸೇತುವೆ ದಾಟುವಾಗ ನನ್ನ ತಲೆಯೊಳಗಿನ ವಿದ್ಯೆ ಅಲ್ಲೇ ಇಳಿದುಹೋಗುತ್ತದೆಯೇನೋ. ನಾನು ನಕ್ಕ ರೀತಿಗೆ ಆಂಟಿ ಗಾಬರಿಯಾಗಿ ಕಾಫಿ ಲೋಟ ಕೆಳಗಿಟ್ಟರು.

ಲೆನ್ಸು ಪುಣ್ಯಕ್ಕೆ ಸೀಳಿರಲಿಲ್ಲ. ಅದನ್ನು ಒರೆಸುವ ದ್ರವದಿಂದ, ಮಗುವಿನ ಕಣ್ಣಿನ ಪಿಸುರು ತೆಗೆದ ಹಾಗೆ ಮೆಲ್ಲಗೆ ಒರೆಸಿ ಕೂರಿಸಿದೆ. ಉಳಿದೊಂದು ತುಂಡನ್ನು ಇಟ್ಟು, ಹೆಸರು ಕೊರೆದು, ಅಂಚಿಗೆ ಹಚ್ಚಿದೆ. ಮೂತಿ ಸುತ್ತು ಹಾಕುತ್ತ ಹೊರಟ ಜಾಗಕ್ಕೇ ವಾಪಸು ಬಂತು. ಟಪ್. ಆಂಟಿ ಫಲಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಭಾರ ನೋಡಿ, ಬಗ್ಗಿಸಲು ನೋಡಿದರು. ಬಗ್ಗಲಿಲ್ಲ. ತಮ್ಮ ಹೆಸರನ್ನು ಮೊದಲ ಸಲ ಓದುವವರ ಹಾಗೆ ಮೆಲ್ಲಗೆ ಓದಿಕೊಂಡರು.

ಹಿತ್ತಾಳೆಯ ಫಲಕವನ್ನು ಆಂಟಿ ತಾವೇ ಬಿಚ್ಚಿದರು. ಅದನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಬೆಳಗಿ, ಒಳಗೆ ಹಿರಿಯರ ನೆನಪಿಗೆ ಹಚ್ಚುವ ದೀಪದ ಕೆಳಗೆ ಇಟ್ಟರು. ತಮ್ಮ ಹೆಸರನ್ನು ಬಾಗಿಲಿಗೆ ಹಾಕಿಸಿಕೊಂಡ ಮೇಲೆ ಎರಡು ದಿನ ಹೊರಗೇ ಬರಲಿಲ್ಲ. ಮಂದಣ್ಣ ಏನನ್ನುತ್ತಾನೋ ಎಂಬ ಭಯ ಅವರಿಗಿತ್ತು, ನಾನೇ ಮಾಡಿಕೊಟ್ಟವಳಾದ್ದರಿಂದ ನನಗೂ ಇತ್ತು.

ಹಬ್ಬದ ಹಿಂದಿನ ದಿನ ಅವನು ಬಂದ. ನಾನು ಕಿಟಕಿಯಲ್ಲಿ ಕೊತ್ತಂಬರಿ ಬಿಡಿಸುವ ನೆಪದಲ್ಲಿ ನಿಂತಿದ್ದೆ. ಬಾಗಿಲ ಮುಂದೆ ಸೂಟ್‌ಕೇಸು ಇಳಿಸಿ ಫಲಕವನ್ನು ನೋಡುತ್ತ ನಿಂತ. ಬೆಲ್ ಒತ್ತಲು ಅವನಿಗೆ ತುಸು ಹೊತ್ತೇ ಹಿಡಿಯಿತು. ಒಳಗೆ ಏನು ಮಾತಾಯಿತೋ ಗೊತ್ತಿಲ್ಲ. ಆಂಟಿಯನ್ನು ಆಮೇಲೆ ಕೇಳಿದರೆ, ಏನೂ ಆಗಲಿಲ್ಲ, ಅವನ ಪಪ್ಪನ ಫಲಕದ ಹತ್ತಿರ ಕೂತಿದ್ದ, ಎದ್ದು ಊಟ ಮಾಡಿದ ಎಂದರು. ಫಲಕ ಒಪ್ಪಿಗೆಯಾಯಿತೋ ಇಲ್ಲವೋ ಎಂದು ಅವರಿಗೂ ತಿಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಸೊಸೈಟಿಯ ಎಲ್ಲ ಬಾಗಿಲಿಗೂ ಚೆಂಡುಹೂವಿನ ಮಾಲೆ ಏರುತ್ತಿತ್ತು. ಮಂದಣ್ಣನೂ ಕುರ್ಚಿ ಹಾಕಿಕೊಂಡು ತಮ್ಮ ಬಾಗಿಲಿಗೆ ಒತ್ತಾದ ಮಾಲೆ ಕಟ್ಟಿದ. ಅದು ಉದ್ದವಾಗಿ, ಇಳಿಬಿದ್ದು, ಅಮ್ಮನ ಹೆಸರಿನ ಮೇಲೇ ಬಂದು ಕೂತಿತು. ಅವನು ಕುರ್ಚಿಯಿಂದ ಇಳಿದು ಹಿಂದೆ ಸರಿದು ನೋಡಿದ. ಒಳಗೆ ಹೋದ. ನಾನು ಕಿಟಕಿಯ ಸರಳಿಗೆ ಮುಖ ಒತ್ತಿ ನೋಡಿದೆ. ಮತ್ತೆ ಹೊರಗೆ ಬಂದ, ಕೈಯಲ್ಲಿ ಒಂದು ಗುಂಡುಸೂಜಿ. ಮಾಲೆಯನ್ನು ಪಕ್ಕಕ್ಕೆ ಎಳೆದು, ಹೆಸರು ಪೂರ್ತಿ ಕಾಣುವಂತೆ ಸೂಜಿ ಚುಚ್ಚಿ ನಿಲ್ಲಿಸಿದ. ಆಮೇಲೆ ಅಂಗಿಯ ತುದಿಯಿಂದ ಫಲಕದ ಮೇಲಿನ ಧೂಳು ಒರೆಸಿದ.

ಈ ಸುದ್ದಿ ಹೇಳಲು ಯಜಮಾನರನ್ನು ಹುಡುಕಿಕೊಂಡು ಹೊರಬಂದವಳು ನಮ್ಮ ಬಾಗಿಲ ಮುಂದೆ ನಿಂತೆ. ಊರಿನವರಿಗೆಲ್ಲ ಹೆಸರು ಕೊರೆದುಕೊಡುವವಳ ಬಾಗಿಲಲ್ಲಿ ಇಷ್ಟು ವರ್ಷ ಇದ್ದದ್ದು ಒಂದೇ ಹೆಸರು, ಅದು ಅವರದು. ನಾನು ಬೆಳಿಗ್ಗೆ ಕಟ್ಟಿದ್ದ ಮಾಲೆ ಅದನ್ನು ಪೂರ್ತಿ ಮುಚ್ಚಿತ್ತು. ಸರಿಸಲು ಕೈ ಎತ್ತಿದೆ. ಆಮೇಲೆ, ಇರಲಿ, ತುಳಸಿ ಹಬ್ಬದವರೆಗೆ ಹೂವು ಅಲ್ಲೇ ಇರಲಿ ಎಂದು ಒಳಗೆ ಹೋದೆ.